ಆಟಕ್ಕೆ ಅಣಿಮಾಡುವ ಕೆಲಸ: ಶಿಶುವಿಹಾರಕ್ಕೆ ಹೊಸದಾಗಿ ಸೇರುವ ಶಿಕ್ಷಕಿಯರಿಗೆ

ಆಟದ ಮೂಲಕ ಕಲಿಸುವ ಶಿಶುವಿಹಾರಕ್ಕೆ ಶಿಕ್ಷಕಿಯಾಗಿ ಸೇರಿದವರಿಗೆ ಮೊದಲ ತಿಂಗಳಲ್ಲೇ ಒಂದು ಅಳುಕು ಹುಟ್ಟುತ್ತದೆ. ಮಕ್ಕಳು ತಮ್ಮಷ್ಟಕ್ಕೆ ಆಡುತ್ತಿರುವಾಗ ತಾನು ಸುಮ್ಮನೆ ಕುಳಿತಿರುವುದನ್ನು ಕಂಡು ಆಡಳಿತದವರು ಏನೆಂದುಕೊಂಡಾರೋ, ಸಂಬಳ ತೆಗೆದುಕೊಂಡು ಹರಟೆಗೆ ಕುಳಿತಿದ್ದಾಳೆ ಎಂದಾರೋ ಎಂಬ ಅಳುಕು ಅದು. ಅದರಿಂದಲೇ ಅವರು ಬೇಡದ ಕಡೆ ಬಾಯಿ ಹಾಕಲು ತೊಡಗುತ್ತಾರೆ. ಮರಳಿನಲ್ಲಿ ಗುಬ್ಬಿಗೂಡು ಕಟ್ಟುತ್ತಿರುವ ಮಗುವಿನ ಪಕ್ಕದಲ್ಲಿ ಕುಕ್ಕರಿಸಿ ‘ಈ ಬಕೆಟ್ ಯಾವ ಬಣ್ಣ ಪುಟ್ಟಾ?’ ಎಂದು ಕೇಳಿ ಗೂಡು ಕುಸಿಯುವಂತೆ ಮಾಡುತ್ತಾರೆ. ಮೈಸೂರಿನ ಚಿಕ್ಕದೊಂದು ಶಿಶುವಿಹಾರದಲ್ಲಿ ಹನ್ನೆರಡು ವರ್ಷ ನೆಲದ ಮೇಲೆ ಕುಳಿತು ಕಳೆದ ಮೇಲೆ ನನಗೆ ಖಚಿತವಾಗಿರುವುದೇನೆಂದರೆ, ಈ ಕೆಲಸದ ಮುಕ್ಕಾಲು ಪಾಲು ಮಕ್ಕಳು ಬರುವ ಮೊದಲೇ ಮುಗಿದಿರಬೇಕು. ಉಳಿದ ಕಾಲು ಪಾಲಿನಲ್ಲಿಯೂ ಕಣ್ಣಿಗೆ ಕೆಲಸ ಹೆಚ್ಚು, ನಾಲಿಗೆಗೆ ತೀರ ಕಡಿಮೆ. ಮುಂದೆ ಬರೆದಿರುವುದೆಲ್ಲ ಈ ಅನುಭವದಿಂದಲೇ ಬಂದದ್ದು.

ಸೇರುವ ಮೊದಲು ನೋಡಬೇಕಾದದ್ದು

‘ಆಟದ ಮೂಲಕ ಕಲಿಕೆ’ ಎಂಬ ಮಾತು ಈಗ ಎಷ್ಟೋ ಶಿಶುವಿಹಾರಗಳ ಫಲಕದ ಮೇಲಿದೆ. ಒಳಗೆ ಹೋಗಿ ನೋಡಿದರೆ ಕೆಲವು ಕಡೆ ಮೂರು ವರ್ಷದ ಮಕ್ಕಳು ಸಾಲಾಗಿ ಕುಳಿತು ‘ಅ’ ತಿದ್ದುತ್ತಿರುತ್ತಾರೆ, ಆಟದ ಸಾಮಾನು ಬೀರುವಿನ ಮೇಲೆ ಪ್ಲಾಸ್ಟಿಕ್ ಹೊದಿಕೆಯನ್ನು ಬಿಚ್ಚದಂತೆ ಕುಳಿತಿರುತ್ತದೆ. ಆದುದರಿಂದ ಸಂದರ್ಶನಕ್ಕೆ ಹೋದಾಗ ಸಂಬಳ ಮತ್ತು ರಜೆಗಳ ವಿಷಯ ಮಾತಾಡಿ ಮುಗಿದ ಮೇಲೆ ಒಂದು ದಿನ ಬೆಳಗಿನಿಂದ ಮಧ್ಯಾಹ್ನದವರೆಗೆ ಒಳಗೆ ಕುಳಿತು ನೋಡಲು ಅವಕಾಶ ಕೇಳಿ. ಗೋಡೆಗೆ ಅಂಟಿಸಿದ ಚಿತ್ರಗಳನ್ನು ಗಮನಿಸಿ: ಇಪ್ಪತ್ತು ಮಕ್ಕಳ ಇಪ್ಪತ್ತು ಕುರಿಗಳೂ ಒಂದೇ ಅಳತೆಯ ಹತ್ತಿ ಮೆತ್ತಿಸಿಕೊಂಡು ಒಂದೇ ಕಡೆಗೆ ಮುಖ ಮಾಡಿದ್ದರೆ ಆ ಕುರಿಗಳನ್ನು ಮಾಡಿದವರು ಶಿಕ್ಷಕಿ ಎಂದು ತಿಳಿಯಿರಿ. ವೇಳಾಪಟ್ಟಿಯನ್ನು ಕೇಳಿ ನೋಡಿ: ಮಕ್ಕಳು ತಾವೇ ಆರಿಸಿಕೊಂಡು ಆಡುವ ಹೊತ್ತು ನಡುವೆ ತುಂಡಾಗದಂತೆ ಮುಕ್ಕಾಲು ಗಂಟೆಯಾದರೂ ಇರಬೇಕು. ಯಾವ ಆಟ, ಯಾರ ಜತೆ, ಯಾರು ಏನಾಗುವುದು ಎಂದು ತೀರ್ಮಾನಿಸಿಕೊಳ್ಳುವುದಕ್ಕೇ ಮಕ್ಕಳಿಗೆ ಹತ್ತು-ಹದಿನೈದು ನಿಮಿಷ ಬೇಕಾಗುತ್ತದೆ; ಇಪ್ಪತ್ತು ನಿಮಿಷಕ್ಕೊಮ್ಮೆ ಗಂಟೆ ಬಾರಿಸುವ ಶಾಲೆಯಲ್ಲಿ ಆಟ ಕುದುರುವಷ್ಟರಲ್ಲಿ ಸಾಮಾನು ಎತ್ತಿಡುವ ಹೊತ್ತಾಗಿರುತ್ತದೆ.

ನಿಮ್ಮ ಪಾಲಿಗೆ ಎಷ್ಟು ಮಕ್ಕಳು ಬರುತ್ತಾರೆ ಎಂಬುದನ್ನೂ ನೇರವಾಗಿ ಕೇಳಬೇಕು. ಚಿಕ್ಕ ಮಕ್ಕಳ ಪಾಲನೆ ಮತ್ತು ಶಿಕ್ಷಣದ 2013ರ ರಾಷ್ಟ್ರೀಯ ನೀತಿಯ ಜತೆಗೆ ಬಂದ ಗುಣಮಟ್ಟದ ಮಾನದಂಡಗಳು ಮೂರರಿಂದ ಆರು ವರ್ಷದ 20 ಮಕ್ಕಳಿಗೆ ಒಬ್ಬರು, ಮೂರು ವರ್ಷಕ್ಕಿಂತ ಚಿಕ್ಕವರಾದರೆ 10 ಮಕ್ಕಳಿಗೆ ಒಬ್ಬರು ದೊಡ್ಡವರು ಇರಬೇಕೆನ್ನುತ್ತವೆ. ಮೂವತ್ತೈದು ಮಕ್ಕಳನ್ನು ಒಬ್ಬರ ಕೈಗೆ ಕೊಡುವ ಕಡೆ ನೀವು ಎಷ್ಟೇ ಜಾಣರಾದರೂ ಆಟ ನಡೆಯುವುದಿಲ್ಲ, ಕಾವಲು ನಡೆಯುತ್ತದೆ. ಇನ್ನು ಓದಿನ ವಿಷಯ. ಪಿಯುಸಿಯ ಮೇಲೆ ಪೂರ್ವ ಪ್ರಾಥಮಿಕ ಶಿಕ್ಷಣದ ಡಿಪ್ಲೊಮಾ, ಎನ್‌ಟಿಟಿ (ನರ್ಸರಿ ಶಿಕ್ಷಕರ ತರಬೇತಿ) ಅಥವಾ ಮಾಂಟೆಸರಿ ತರಬೇತಿ ಇದ್ದರೆ ಬಾಗಿಲು ತೆರೆಯುವುದು ಸುಲಭ. ಆದರೆ ಆ ತರಬೇತಿಗಳು ಕಲಿಸದ ಒಂದು ಸಂಗತಿ, ಅಂದರೆ ಅಳುವ ಹತ್ತು ಮಕ್ಕಳ ನಡುವೆ ಸ್ವರ ಏರಿಸದೆ ಇರುವುದು, ಕೆಲಸದ ಮೇಲೆಯೇ ಬರಬೇಕು.

ಅಂಗನವಾಡಿಗೆ ಸೇರುವವರ ದಾರಿ ಬೇರೆ. ಅಲ್ಲಿ ಆಯ್ಕೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಮೂಲಕ ನಡೆಯುತ್ತದೆ. ಶಾಲಾಪೂರ್ವ ಶಿಕ್ಷಣದ ಜತೆಗೆ ಪೂರಕ ಆಹಾರ, ಮಕ್ಕಳ ತೂಕದ ದಾಖಲೆ, ಗರ್ಭಿಣಿ ಮತ್ತು ಬಾಣಂತಿಯರ ಮನೆಭೇಟಿ ಎಲ್ಲವೂ ಒಬ್ಬರ ತಲೆಯ ಮೇಲಿರುತ್ತವೆ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಆರಂಭವಾದ, ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಕರ್ನಾಟಕದಲ್ಲಿ ಮೊದಲು ಬಂದದ್ದು ನಮ್ಮ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ. ಅಂಗನವಾಡಿಗಳಲ್ಲಿ ಬಳಸುವ ‘ಚಿಲಿಪಿಲಿ’ ಚಟುವಟಿಕೆಗಳನ್ನು ಖಾಸಗಿ ಶಾಲೆಯವರು ಒಮ್ಮೆಯಾದರೂ ನೋಡಬೇಕು. ಕೈಗೆ ಸಿಕ್ಕ ಎಲೆ, ಕಲ್ಲು, ಕಾಳಿನಿಂದ ಒಂದು ವಾರ ಹೇಗೆ ನಡೆಸಬಹುದು ಎಂಬುದು ನನಗೆ ಮೊದಲು ಹೊಳೆದದ್ದು ಅಂಗನವಾಡಿಯ ಕಾರ್ಯಕರ್ತೆಯೊಬ್ಬರ ಪಕ್ಕದಲ್ಲಿ ಕುಳಿತಾಗಲೇ.

ಕೋಣೆಯನ್ನು ಸಜ್ಜುಗೊಳಿಸುವುದು

ಕೋಣೆಯನ್ನು ನಾಲ್ಕೈದು ಮೂಲೆಗಳಾಗಿ ಮಾಡಿಕೊಳ್ಳಿ: ಮನೆಯಾಟಕ್ಕೆ ಒಂದು, ಮರದ ತುಂಡುಗಳಿಗೆ ಒಂದು, ಬಣ್ಣ ಮತ್ತು ಹಿಟ್ಟಿಗೆ ಒಂದು, ಚಿತ್ರಪುಸ್ತಕಗಳಿಗೆ ಚಾಪೆ ಹಾಸಿದ ಒಂದು. ನೀರು ಮತ್ತು ಮರಳು ಹೊರಗಿನ ಜಗಲಿಯಲ್ಲಿರಲಿ. ಸದ್ದಿನ ಮೂಲೆಯನ್ನು ಪುಸ್ತಕದ ಮೂಲೆಯ ಪಕ್ಕದಲ್ಲಿ ಇಡಬಾರದು. ಕಪಾಟು ಮಗುವಿನ ಎದೆಯ ಎತ್ತರವನ್ನು ಮೀರಬಾರದು. ಬಾಗಿಲಿಲ್ಲದ ಕಪಾಟಾದರೆ ಇನ್ನೂ ಒಳ್ಳೆಯದು, ಏಕೆಂದರೆ ಮಗು ತಾನೇ ತೆಗೆದುಕೊಳ್ಳುವುದು ಮತ್ತು ತಾನೇ ತಿರುಗಿ ಇಡುವುದು ಆಟದ ಅರ್ಧ ಭಾಗ. ಕೋಣೆ ಸಜ್ಜಾದ ಮೇಲೆ ಬಾಗಿಲಲ್ಲಿ ಮೊಣಕಾಲೂರಿ ಒಮ್ಮೆ ಸುತ್ತ ನೋಡಿ. ನಿಂತಾಗ ಕಾಣದ ಚೂಪಾದ ಮೇಜಿನ ಅಂಚು, ಸ್ವಿಚ್ಚಿನ ತೂತು, ಎಟಕುವ ಕಿಟಕಿಯ ಚಿಲಕ ಎಲ್ಲವೂ ಆ ಎತ್ತರದಿಂದ ಕಣ್ಣಿಗೆ ಬೀಳುತ್ತವೆ.

ಸಾಮಾನಿಗೆ ಹೆಚ್ಚು ಹಣ ಬೇಕಾಗಿಲ್ಲ. ಚನ್ನಪಟ್ಟಣದ ಆಲೆಮರದ ಬೊಂಬೆಗಳು, ಬುಗುರಿಗಳು, ಒಂದರೊಳಗೊಂದು ಕೂರುವ ಬಟ್ಟಲುಗಳು ಅರಗಿನ ಬಣ್ಣದವು, ಬಾಳಿಕೆ ಬರುವಂಥವು, ಅವು ಒಂದಿಷ್ಟಿರಲಿ. ಪ್ಲಾಸ್ಟಿಕ್ ಆಟಿಕೆ ಕೊಳ್ಳುವುದಾದರೆ ಐಎಸ್‌ಐ ಗುರುತು ನೋಡಿ. 2021ರ ಜನವರಿಯಿಂದ ಆಟಿಕೆಗಳಿಗೆ ಅದು ಕಡ್ಡಾಯವಾಗಿದೆ. ಉಳಿದದ್ದು ಮನೆಗಳಿಂದಲೇ ಬರುತ್ತದೆ: ತೆಂಗಿನ ಚಿಪ್ಪು, ಮೊರ, ಜರಡಿ, ಹಳೆಯ ಫೋನು, ಅಜ್ಜನ ಕನ್ನಡಕದ ಗಾಜಿಲ್ಲದ ಚೌಕಟ್ಟು, ಮದುವೆಯ ಕರೆಯೋಲೆಗಳು, ಬಟ್ಟೆ ಒಣಹಾಕುವ ಕ್ಲಿಪ್ಪುಗಳು, ರಟ್ಟಿನ ಪೆಟ್ಟಿಗೆಗಳು. ಎರಡು ಹಳೆಯ ಸೀರೆಗಳು ಯಾವ ದುಬಾರಿ ಆಟಿಕೆಗಿಂತಲೂ ಹೆಚ್ಚು ದಿನ ಆಡಿಸುತ್ತವೆ. ಅವೇ ಜೋಕಾಲಿ, ಅವೇ ಗುಡಾರ, ಅವೇ ಕಾವೇರಿ ನದಿ. ಎಲ್ಲವನ್ನೂ ಒಟ್ಟಿಗೆ ಹರಡಬೇಡಿ. ಮೂರನೆಯ ಒಂದು ಭಾಗವನ್ನಷ್ಟೇ ಹೊರಗಿಟ್ಟು, ಹದಿನೈದು ದಿನಕ್ಕೊಮ್ಮೆ ಬದಲಿಸಿದರೆ ಹಳೆಯದೇ ಹೊಸದಾಗಿ ಬರುತ್ತದೆ.

ಆಟದ ಹಿಟ್ಟನ್ನು ಪ್ರತಿ ಶಿಕ್ಷಕಿಯೂ ಕಲಸಲು ಕಲಿಯಬೇಕು. ಎರಡು ಲೋಟ ಮೈದಾಕ್ಕೆ ಒಂದು ಲೋಟ ಪುಡಿ ಉಪ್ಪು, ಒಂದು ದೊಡ್ಡ ಚಮಚ ಅಡುಗೆ ಎಣ್ಣೆ ಸೇರಿಸಿ, ನೀರನ್ನು ಸ್ವಲ್ಪಸ್ವಲ್ಪವಾಗಿ ಹಾಕುತ್ತ ಚಪಾತಿ ಹಿಟ್ಟಿಗಿಂತ ತುಸು ಗಟ್ಟಿಯಾಗಿ ನಾದಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟರೆ ಕೆಲವು ದಿನ ಬರುತ್ತದೆ. ಮಳೆಗಾಲದಲ್ಲಿ ಫ್ರಿಜ್ಜು ಬೇಕು, ಹುಳಿ ವಾಸನೆ ಬಂದ ದಿನ ಎಸೆಯಬೇಕು. ಹಿಟ್ಟಿನಲ್ಲಿರುವಷ್ಟು ಉಪ್ಪು ಮಕ್ಕಳ ಹೊಟ್ಟೆಗೆ ಹೋಗಬಾರದಾದ್ದರಿಂದ ಬಾಯಿಗಿಡುವ ವಯಸ್ಸಿನವರ ಪಕ್ಕದಲ್ಲಿ ಯಾರಾದರೂ ಕುಳಿತೇ ಇರಬೇಕು. ಬಣ್ಣಕ್ಕೆ ಅರಿಶಿನ ಅಥವಾ ಬೀಟ್‌ರೂಟ್ ರಸ ಸಾಕು. ಆದರೆ ಬಿಳಿ ಯೂನಿಫಾರಂ ಹಾಕುವ ದಿನ ಅರಿಶಿನದ ಹಿಟ್ಟು ತೆಗೆಯಬೇಡಿ. ಮನೆಯಲ್ಲಿ ಸೋಪು ತಾಕಿದೊಡನೆ ಆ ಹಳದಿ ಕಲೆ ಕೆಂಪಾಗುತ್ತದೆ, ಮರುದಿನ ಗೇಟಿನಲ್ಲಿ ನಿಂತು ಉತ್ತರ ಕೊಡಬೇಕಾದವರು ನೀವೇ.

ಜೂನ್ ತಿಂಗಳ ಅಳು

ಹೊಸ ಮಕ್ಕಳ ಮೊದಲ ಎರಡು ವಾರ ಬೇರೆ ಯಾವ ಯೋಜನೆಯನ್ನೂ ಇಟ್ಟುಕೊಳ್ಳಬೇಡಿ. ತಾಯಿ ಕಣ್ತಪ್ಪಿಸಿ ಹೊರಟುಹೋಗುವ ಪದ್ಧತಿ ಎಷ್ಟೋ ಶಾಲೆಗಳಲ್ಲಿ ಇನ್ನೂ ಇದೆ. ‘ನೀವು ಹೋಗಿಬಿಡಿ ಮೇಡಂ, ಐದು ನಿಮಿಷಕ್ಕೆ ಸುಮ್ಮನಾಗ್ತಾನೆ’ ಎಂದು ಆಯಮ್ಮನೇ ಧೈರ್ಯ ಹೇಳಿ ಕಳಿಸುತ್ತಾರೆ. ಮಗು ಐದು ನಿಮಿಷಕ್ಕೆ ಸುಮ್ಮನಾಗುವುದೇನೋ ನಿಜ, ಆದರೆ ಮರುದಿನದಿಂದ ತಾಯಿಯ ಸೆರಗು ಬಿಡುವುದಿಲ್ಲ, ಏಕೆಂದರೆ ಕಣ್ಣು ಮಿಟುಕಿಸಿದರೆ ಅಮ್ಮ ಮಾಯವಾಗುತ್ತಾಳೆ ಎಂಬುದನ್ನು ಅದು ಕಲಿತಿರುತ್ತದೆ. ತಾಯಿ ಹೇಳಿಯೇ ಹೋಗಲಿ. ‘ಊಟದ ಡಬ್ಬಿ ಖಾಲಿಯಾದ ಮೇಲೆ ಬರ್ತೀನಿ’ ಎಂಬಂಥ, ಮಗುವಿಗೆ ಲೆಕ್ಕ ಸಿಗುವ ಮಾತು ಹೇಳಲಿ, ಮತ್ತು ಆ ಮಾತಿನಂತೆಯೇ ಬರಲಿ. ಮೊದಲ ದಿನ ಒಂದು ಗಂಟೆ, ನಂತರ ಎರಡು, ಹೀಗೆ ಏರಿಸುವುದಕ್ಕೆ ಆಡಳಿತದವರನ್ನು ಒಪ್ಪಿಸಿ. ಅಮ್ಮನ ಹಳೆಯ ದುಪಟ್ಟಾದ ತುಂಡೊಂದು ಚೀಲದಲ್ಲಿದ್ದರೆ ಅದನ್ನು ಕಸಿಯಬೇಡಿ.

ಅಳುವ ಮಗುವಿಗೆ ಮಾತಿಗಿಂತ ನೀರಿನ ತೊಟ್ಟಿ ಮೇಲು. ಒಂದು ಚೊಂಬು, ಎರಡು ಲೋಟ, ಎಣ್ಣೆ ಸುರಿಯುವ ಲಾಳಿಕೆ, ಒಂದು ಸ್ಪಂಜು ಇಟ್ಟು ಪಕ್ಕದಲ್ಲಿ ನೀವೇ ನೀರು ಸುರಿಯುತ್ತ ಕುಳಿತಿರಿ, ಕರೆಯಬೇಡಿ. ಬಿಕ್ಕುತ್ತಲೇ ಒಂದು ಕೈ ನೀರಿಗೆ ಬರುತ್ತದೆ, ಆಮೇಲೆ ಇನ್ನೊಂದು.

ಮನೆಯಲ್ಲಿ ಉರ್ದು, ತಮಿಳು, ತೆಲುಗು, ತುಳು, ಕೊಡವ ಅಥವಾ ಹಿಂದಿ ಆಡುವ ಮಕ್ಕಳು ಮೈಸೂರಿನಂಥ ಊರಿನಲ್ಲಿ ಪ್ರತಿ ತಂಡದಲ್ಲಿಯೂ ಇರುತ್ತಾರೆ. ಅವರು ಸುಮ್ಮನಿದ್ದಾರೆಂದರೆ ಮಂದರೆಂದು ತಿಳಿಯಬಾರದು. ನೀರು, ಮೂತ್ರ, ನೋವು, ಹಸಿವು, ಅಮ್ಮ ಬರುತ್ತಾರೆ ಎಂಬ ಐದಾರು ಮಾತುಗಳನ್ನು ಅವರವರ ಮನೆಯ ಭಾಷೆಯಲ್ಲಿ ತಾಯಂದಿರಿಂದ ಕೇಳಿ ಬರೆದುಕೊಂಡು ಬಾಯಿಪಾಠ ಮಾಡಿ.

ಆಟ ನಡೆಯುತ್ತಿರುವಾಗ

ನನ್ನ ಎರಡನೆಯ ವರ್ಷದ ಒಂದು ಬೆಳಗ್ಗೆ ಮನೆಯಾಟದ ಮೂಲೆ ತರಕಾರಿ ಅಂಗಡಿಯಾಗಿತ್ತು. ನಾಲ್ಕೂವರೆ ವರ್ಷದ ಹುಡುಗಿಯೊಬ್ಬಳು ತೆಂಗಿನ ಚಿಪ್ಪುಗಳ ತಕ್ಕಡಿ ಹಿಡಿದು, ಬಾಟಲಿಯ ಕೆಂಪು ಮುಚ್ಚಳಗಳನ್ನು ಟೊಮೆಟೊ ಎಂದು ಮಾರುತ್ತಿದ್ದಳು. ಹುಣಿಸೆ ಬೀಜಗಳೇ ದುಡ್ಡು. ಗಿರಾಕಿ ಹುಡುಗ ‘ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ’ ಎಂದ. ಅವಳು ಸೊಂಟಕ್ಕೆ ಕೈಯಿಟ್ಟು, ‘ಆಗಲ್ಲ ಅಣ್ಣ, ಮಾರ್ಕೆಟ್ಟಲ್ಲೇ ರೇಟು ಜಾಸ್ತಿ’ ಎಂದಳು. ಎಣಿಕೆ ಕಲಿಸಲು ಇದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದಿಲ್ಲ ಎಂದುಕೊಂಡ ನಾನು ನಡುವೆ ಹೋಗಿ, ‘ಎಷ್ಟು ಬೀಜ ಕೊಟ್ಟ? ಎಣಿಸು ನೋಡೋಣ’ ಎಂದೆ. ಅವಳು ಏಳರವರೆಗೆ ಎಣಿಸಿದಳು, ಸರಿಯೋ ಎಂದು ನನ್ನ ಮುಖ ನೋಡಿದಳು, ತಕ್ಕಡಿ ಕೆಳಗಿಟ್ಟಳು. ಗಿರಾಕಿ ಆಗಲೇ ಮರದ ತುಂಡುಗಳ ಕಡೆ ಹೋಗಿದ್ದ. ಅಂಗಡಿ ಮುಚ್ಚಿತು.

ಮರುವಾರ ಅದೇ ಅಂಗಡಿ ತೆರೆದಾಗ ನಾನು ಬಟ್ಟೆಯ ಚೀಲ ಹಿಡಿದು ಸರದಿಯಲ್ಲಿ ನಿಂತೆ. ‘ನನ್ನ ಹತ್ರ ಮೂರೇ ಬೀಜ ಇದೆಯಮ್ಮ, ಮೂರಕ್ಕೆ ಎಷ್ಟು ಬರುತ್ತೆ?’ ಎಂದು ಕೇಳಿದೆ. ಅವಳು ಒಂದೊಂದು ಬೀಜಕ್ಕೆ ಒಂದೊಂದು ಮುಚ್ಚಳ ಇಟ್ಟು, ತಕ್ಕಡಿ ಎತ್ತಿ ನೋಡಿ, ಸ್ವಲ್ಪ ಯೋಚಿಸಿ ನಾಲ್ಕನೆಯದನ್ನು ಸೇರಿಸಿದಳು. ‘ಇದು ಕೊಸರು’ ಎಂದಳು. ಒಂದಕ್ಕೊಂದು ಹೊಂದಿಸುವುದು, ಮೂರು ಮತ್ತು ಒಂದು, ಲೆಕ್ಕಕ್ಕೆ ಹೊರಗಿನದೆಂಬ ಕಲ್ಪನೆ, ದೇವರಾಜ ಮಾರುಕಟ್ಟೆಯಲ್ಲಿ ಅಜ್ಜಿಯ ಕೈ ಹಿಡಿದು ಕೇಳಿಸಿಕೊಂಡಿದ್ದ ಪದ, ಎಲ್ಲವೂ ಅಷ್ಟರಲ್ಲಿ ಇತ್ತು. ನಾನು ಪರೀಕ್ಷೆ ಮಾಡಿದ್ದರೆ ಅದರಲ್ಲಿ ಒಂದೂ ಹೊರಗೆ ಬರುತ್ತಿರಲಿಲ್ಲ.

ಆಟದೊಳಗೆ ಹೋಗುವುದಾದರೆ ಆಟದ ಪಾತ್ರವಾಗಿಯೇ ಹೋಗಬೇಕೆಂಬ ನಿಯಮವನ್ನು ನಾನು ಅಂದಿನಿಂದ ಇಟ್ಟುಕೊಂಡಿದ್ದೇನೆ. ಹೋಗಬೇಕಾದ ಸಂದರ್ಭಗಳಾದರೂ ಕೆಲವೇ: ಯಾರಿಗಾದರೂ ಪೆಟ್ಟಾಗುವಂತಿದ್ದಾಗ, ಆಟ ಅಲ್ಲಲ್ಲೇ ತಿರುಗಿ ಬೇಸರ ಹಿಡಿದಾಗ, ಒಂದು ಮಗು ಬಹಳ ಹೊತ್ತಿನಿಂದ ಅಂಚಿನಲ್ಲಿ ನಿಂತು ಸೇರಲಾರದೆ ಒದ್ದಾಡುತ್ತಿರುವಾಗ. ಈ ಮೂರನೆಯದರಲ್ಲಿ ‘ಇವನನ್ನೂ ಸೇರಿಸಿಕೊಳ್ಳಿ’ ಎಂಬ ಆಜ್ಞೆ ಪ್ರಯೋಜನಕ್ಕೆ ಬರುವುದಿಲ್ಲ; ‘ತರಕಾರಿ ಲಾರಿ ಬಂತು, ಇಳಿಸೋಕೆ ಆಳು ಬೇಕಂತೆ’ ಎಂದು ಅವನ ಕೈಗೊಂದು ರಟ್ಟಿನ ಪೆಟ್ಟಿಗೆ ಕೊಟ್ಟರೆ ಒಳಗೆ ಹೋಗುತ್ತಾನೆ. ಉಳಿದ ಹೊತ್ತೆಲ್ಲ ಬಾಯಿ ತೆರೆಯುವ ಮೊದಲು ಮನಸ್ಸಿನಲ್ಲಿ ಹತ್ತು ಎಣಿಸಿ. ಹತ್ತಾಗುವಷ್ಟರಲ್ಲಿ ಮಕ್ಕಳು ತಾವೇ ಏನಾದರೂ ಹೂಡಿರುತ್ತಾರೆ.

ವಯಸ್ಸಿನ ವಿಷಯದಲ್ಲಿ ಒಂದು ಎಚ್ಚರ ಇರಬೇಕು. ಮೂರು ವರ್ಷದ ಇಬ್ಬರು ಪಕ್ಕಪಕ್ಕದಲ್ಲಿ ಕುಳಿತು, ಒಬ್ಬರಿಗೊಬ್ಬರು ಮಾತಾಡದೆ, ತಮ್ಮತಮ್ಮ ಮರಳು ತುಂಬುತ್ತಿದ್ದರೆ ಅವರನ್ನು ‘ಒಟ್ಟಿಗೆ ಆಡಿ’ ಎಂದು ಒತ್ತಾಯಿಸಬೇಕಾಗಿಲ್ಲ. ಅಮೆರಿಕದ ಮಿಲ್ಡ್ರೆಡ್ ಪಾರ್ಟನ್ 1932ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂಟಿಯಾಟ, ನೋಡುತ್ತ ನಿಲ್ಲುವುದು, ಪಕ್ಕದ ಆಟ, ಬೆರೆತು ಆಡುವುದು, ಕೂಡಿ ಆಡುವುದು ಎಂಬ ಬಗೆಗಳನ್ನು ಗುರುತಿಸಿದ್ದರು. ಪಕ್ಕದಲ್ಲಿ ಆಡುವುದು ಕೂಡಿ ಆಡುವ ಕಡೆಗಿನ ಮೆಟ್ಟಿಲೇ ಹೊರತು ಕೊರತೆಯಲ್ಲ. ಸುಮ್ಮನೆ ನೋಡುತ್ತ ನಿಂತ ಮಗುವೂ ಖಾಲಿ ನಿಂತಿರುವುದಿಲ್ಲ. ನಮ್ಮಲ್ಲಿ ಇಡೀ ಒಂದು ತಿಂಗಳು ಕೆರೆ-ದಡ ಆಟವನ್ನು ಕಂಬ ಹಿಡಿದು ನೋಡಿದ ಹುಡುಗನೊಬ್ಬ, ಸೇರಿದ ದಿನವೇ ಉಳಿದವರಿಗೆ ನಿಯಮ ತಪ್ಪಿತೆಂದು ಹೇಳತೊಡಗಿದ.

ಜಗಳ ಮತ್ತು ಕಚ್ಚುವುದು

ಮೂರು ಚಕ್ರದ ಸೈಕಲ್ಲು ಒಂದು, ಕೈಗಳು ನಾಲ್ಕು. ಶಿಕ್ಷಕಿ ನ್ಯಾಯಾಧೀಶೆಯಾಗಿ ‘ಮೊದಲು ಯಾರು ತಗೊಂಡಿದ್ದು?’ ಎಂದು ವಿಚಾರಣೆಗೆ ಕುಳಿತರೆ ಇಬ್ಬರೂ ‘ನಾನು’ ಎನ್ನುತ್ತಾರೆ, ಇಬ್ಬರೂ ನಿಜವೆಂದೇ ನಂಬಿರುತ್ತಾರೆ. ಕುಕ್ಕರಿಸಿ ಅವರ ಕಣ್ಣಿನ ಮಟ್ಟಕ್ಕೆ ಬಂದು, ಸೈಕಲ್ಲಿನ ಮೇಲೆ ನಿಮ್ಮ ಕೈಯನ್ನೂ ಇಟ್ಟು, ಕಂಡದ್ದನ್ನಷ್ಟೇ ಹೇಳಿ: ‘ಇಬ್ಬರಿಗೂ ಸೈಕಲ್ ಬೇಕು. ಇರೋದು ಒಂದೇ. ಏನು ಮಾಡೋಣ?’ ಆಮೇಲೆ ಕಾಯಿರಿ. ಈ ಕಾಯುವಿಕೆ ಕಷ್ಟದ್ದು, ನಾಲ್ಕೈದು ನಿಮಿಷವೂ ಆಗಬಹುದು. ನಮ್ಮ ಮಕ್ಕಳು ಕಂಡುಕೊಂಡ ಪರಿಹಾರ ‘ಹೊಂಗೆ ಮರಕ್ಕೆ ಮೂರು ಸುತ್ತು, ಆಮೇಲೆ ನೀನು’ ಎಂಬುದು. ನನ್ನ ತಲೆಗೆ ಗಡಿಯಾರ ಬಿಟ್ಟು ಬೇರೇನೂ ಹೊಳೆದಿರಲಿಲ್ಲ. ಬಲವಂತದ ‘ಸಾರಿ’ ಹೇಳಿಸುವುದನ್ನು ನಾನು ಬಿಟ್ಟಿದ್ದೇನೆ; ತಳ್ಳಿದ ಮಗುವಿನ ಕೈಯಲ್ಲೇ ಬಿದ್ದವನಿಗೆ ನೀರು ತರಿಸಿದರೆ ಸಾಕು.

ಕಚ್ಚುವುದು ಎರಡು-ಮೂರು ವರ್ಷದವರಲ್ಲಿ ಸಾಮಾನ್ಯ. ಮೊದಲು ಕಚ್ಚಿಸಿಕೊಂಡ ಮಗುವಿನ ಕಡೆ ಹೋಗಿ, ಸೋಪು ನೀರಿನಿಂದ ತೊಳೆದು, ತಣ್ಣೀರಿನ ಬಟ್ಟೆ ಇಡಿ. ಚರ್ಮ ಹರಿದಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಕಚ್ಚಿದ ಮಗುವಿಗೆ ‘ಕಚ್ಚಿದ್ರೆ ನೋವಾಗುತ್ತೆ, ಕಚ್ಚಬಾರದು’ ಎಂಬ ಒಂದು ವಾಕ್ಯ ಸಾಕು. ಸಂಜೆ ಎರಡೂ ಮನೆಗೆ ನೀವೇ ತಿಳಿಸಿ, ಆದರೆ ಯಾರು ಕಚ್ಚಿದರೆಂಬ ಹೆಸರನ್ನು ಇನ್ನೊಂದು ಮನೆಗೆ ಕೊಡಬೇಡಿ. ಮಗುವೇ ಹೇಳಿಬಿಡುವುದು ಬೇರೆ ಮಾತು. ಯಾವ ಹೊತ್ತಿನಲ್ಲಿ ಕಚ್ಚುತ್ತದೆ ಎಂದು ಒಂದು ವಾರ ಗುರುತು ಹಾಕಿ. ನಾನು ನೋಡಿದ ಹಲವು ಪ್ರಸಂಗಗಳು ತಿಂಡಿಯ ಹೊತ್ತಿಗೆ ಮುಂಚಿನ ಅರ್ಧ ಗಂಟೆಯಲ್ಲಿ ನಡೆದಂಥವು. ತಿಂಡಿಯನ್ನು ಇನ್ನೂ ಬೇಗ ಕೊಡತೊಡಗಿದಾಗ ಅರ್ಧದಷ್ಟು ನಿಂತುಹೋದವು.

ಬರೆದಿಡುವುದು

ಸೊಂಟದ ಚೀಲದಲ್ಲಿ ಅಂಗೈಯಗಲದ ಪುಸ್ತಕ ಮತ್ತು ಪೆನ್ಸಿಲ್ ಇರಲಿ. ದಿನಕ್ಕೆ ಮೂರು ಮಕ್ಕಳು, ತಲಾ ಎರಡು ಸಾಲು. ಇಪ್ಪತ್ತು ಮಕ್ಕಳಾದರೆ ಒಂದೂವರೆ ವಾರಕ್ಕೆ ಸುತ್ತು ಬರುತ್ತದೆ. ‘ಚೆನ್ನಾಗಿ ಆಡಿದಳು’, ‘ತುಂಟ’ ಎಂಬಂಥ ಮಾತುಗಳಿಂದ ವರ್ಷದ ಕೊನೆಗೆ ಏನೂ ತಿಳಿಯುವುದಿಲ್ಲ. ಕಣ್ಣಿಗೆ ಕಂಡದ್ದು, ಕಿವಿಗೆ ಬಿದ್ದದ್ದು ಅಷ್ಟೇ ಬರೆಯಿರಿ: ‘ಆಗಸ್ಟ್ 12. ಆರು ತುಂಡುಗಳ ಗೋಪುರ, ಎರಡು ಬಾರಿ ಬಿತ್ತು. ಮೂರನೆಯ ಸಲ ದೊಡ್ಡ ತುಂಡನ್ನು ಕೆಳಗೆ ಇಟ್ಟ. “ದಪ್ಪದ್ದು ಕೆಳಗೆ ಕೂತ್ಕೋಬೇಕು” ಎಂದ.’ ಪುಸ್ತಕ ತಿರುವಿದಾಗ ಹದಿನೈದು ದಿನದಿಂದ ಯಾವ ಮಗುವಿನ ಹೆಸರೇ ಬಂದಿಲ್ಲವೋ ಆ ಮಗುವಿನ ಪಕ್ಕದಲ್ಲಿ ಮರುದಿನ ಕುಳಿತುಕೊಳ್ಳಿ. ಜಗಳವಾಡದ, ಅಳದ, ಏನೂ ಕೇಳದ ಮಕ್ಕಳೇ ಹೀಗೆ ಕಣ್ಣು ತಪ್ಪುವವರು.

‘ಇವತ್ತು ಏನು ಬರೆಸಿದ್ರಿ ಮಿಸ್?’

ಗೇಟಿನಲ್ಲಿ ಪ್ರತಿದಿನ ಈ ಪ್ರಶ್ನೆ ಬರುತ್ತದೆ. ಪಕ್ಕದ ಮನೆಯ ಮಗು ನೂರರವರೆಗೆ ಬರೆಯುತ್ತದೆಂಬ ಆತಂಕ ಅದರ ಹಿಂದಿದೆ. ಅದನ್ನು ನಕ್ಕು ತಳ್ಳಿಹಾಕುವುದು ತಪ್ಪು. ಸಾಮಾನ್ಯ ಸಿದ್ಧಾಂತ ಹೇಳದೆ ಅವರ ಮಗುವಿನ ಒಂದು ಸಂಗತಿ ಹೇಳಬೇಕು, ಪುಸ್ತಕದ ಆ ಎರಡು ಸಾಲು ಇಲ್ಲಿ ಕೆಲಸಕ್ಕೆ ಬರುತ್ತದೆ. ಇನ್ನೂ ಕೇಳುವವರಿಗೆ, 2022ರ ಅಕ್ಟೋಬರಿನಲ್ಲಿ ಕೇಂದ್ರದ ಪಠ್ಯಕ್ರಮ ಸಂಸ್ಥೆಯಾದ ಎನ್‌ಸಿಇಆರ್‌ಟಿ ಹೊರತಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಆರು ವರ್ಷದವರಿಗೆ ನಿಗದಿತ ಪಠ್ಯಪುಸ್ತಕವೇ ಬೇಡವೆಂದಿರುವುದನ್ನು ತಿಳಿಸಬಹುದು. ಆಟ ಒಂದನೆಯ ತರಗತಿಗೆ ಮುಗಿಯುವಂಥದ್ದೂ ಅಲ್ಲ: 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹರಡಿದ ನಲಿ-ಕಲಿಯಲ್ಲಿ ಮಕ್ಕಳು ಕಾರ್ಡುಗಳನ್ನು ಹಿಡಿದು ಗುಂಪಿನಲ್ಲಿ, ತಮ್ಮತಮ್ಮ ವೇಗದಲ್ಲಿಯೇ ಮುಂದೆ ಹೋಗುತ್ತಾರೆ.

ಬರವಣಿಗೆಯ ಬಗ್ಗೆ ನಾನು ಕೊಡುವ ವಿವರಣೆ ಕೈಯಿಂದ ಆರಂಭವಾಗುತ್ತದೆ. ಮಣಿಕಟ್ಟಿನ ಎಂಟು ಚಿಕ್ಕ ಮೂಳೆಗಳು ಮೆದುವಾಗಿದ್ದು ಒಂದೊಂದಾಗಿ ಗಟ್ಟಿಯಾಗುತ್ತ ಬರುತ್ತವೆ. ಮೂರನೆಯ ವಯಸ್ಸಿಗೆ ಅರ್ಧದಷ್ಟೂ ಆಗಿರುವುದಿಲ್ಲ. ಆ ಕೈಗೆ ನಾಲ್ಕು ಗೆರೆಯ ಪುಸ್ತಕ ಕೊಟ್ಟರೆ ಮಗು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು, ಭುಜದಿಂದ ಬರೆದು, ಬೇಗ ದಣಿಯುತ್ತದೆ. ಬೆರಳಿಗೆ ಬಲ ಬರಬೇಕಾದರೆ ಸ್ಪಂಜು ಹಿಂಡಬೇಕು, ಕ್ಲಿಪ್ಪು ಸಿಕ್ಕಿಸಬೇಕು, ಹಿಟ್ಟು ನಾದಬೇಕು. ಡಿಸೆಂಬರ್-ಜನವರಿಯಲ್ಲಿ ನಾವು ಸೊಗಡಿನ ಅವರೆಕಾಯಿ ತಂದು ಮಕ್ಕಳಿಂದ ಬಿಡಿಸುತ್ತೇವೆ, ಕಾಳನ್ನು ರಾತ್ರಿ ನೆನೆಹಾಕಿ ಮರುದಿನ ಹಿತಕಿಸುತ್ತೇವೆ. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಕಾಳನ್ನು ಹದವಾಗಿ ಒತ್ತಿದರೆ ಬೇಳೆ ಚಿಮ್ಮುತ್ತದೆ. ಹೆಚ್ಚು ಒತ್ತಿದರೆ ಪಕ್ಕದವರ ಮುಖಕ್ಕೆ ಹೋಗುತ್ತದೆ, ಅದೇ ಮಕ್ಕಳಿಗೆ ದೊಡ್ಡ ಖುಷಿ. ಪೆನ್ಸಿಲ್ ಹಿಡಿಯುವ ಬೆರಳುಗಳು ಅವೇ. ಒಂದು ವರ್ಷ ತಂದೆ-ತಾಯಿಯರನ್ನೂ ಕರೆದು ಹಿತಕಲು ಕೂರಿಸಿದ್ದೆವು. ಅಂದಿನಿಂದ ಬರೆಸುವ ಪ್ರಶ್ನೆ ಸ್ವಲ್ಪ ಕಡಿಮೆಯಾಗಿದೆ. ಬೇಳೆ ಸಾರು ಮಾತ್ರ ಆಯಮ್ಮನವರು ಮಾಡಿದ್ದು.

ವಾರ್ಷಿಕೋತ್ಸವದ ವಿಷಯ ಒಂದು ಮಾತು. ಈ ಶಾಲೆಗೆ ಬರುವ ಮೊದಲು ನಾನಿದ್ದ ಕಡೆ ನವೆಂಬರ್ ಬಂತೆಂದರೆ ಆಟದ ಹೊತ್ತೆಲ್ಲ ನೃತ್ಯದ ತಾಲೀಮಿಗೆ ಹೋಗುತ್ತಿತ್ತು. ನಾಲ್ಕು ವರ್ಷದ ಮಕ್ಕಳು ಧ್ವನಿವರ್ಧಕದ ಮುಂದೆ ಎರಡು ತಿಂಗಳು ಎಡಗಾಲು-ಬಲಗಾಲು ಎಣಿಸಿದರು, ವೇದಿಕೆಯ ಮೇಲೆ ಅರ್ಧದಷ್ಟು ಜನ ಅತ್ತರು. ಈಗ ನಾವು ಅದರ ಬದಲು ಒಂದು ಶನಿವಾರ ಬೆಳಗ್ಗೆ ಶಾಲೆ ತೆರೆದಿಡುತ್ತೇವೆ. ಮನೆಯವರು ಬಂದು ಮಕ್ಕಳ ಜತೆ ಆಡಿ ಹೋಗುತ್ತಾರೆ. ನೀವಿರುವ ಕಡೆ ಇದು ಸಾಧ್ಯವಿಲ್ಲದಿದ್ದರೆ, ಮಕ್ಕಳು ಈಗಾಗಲೇ ಆಡುತ್ತಿರುವ ಆಟವನ್ನೇ ವೇದಿಕೆಗೆ ಒಯ್ಯುವಂತೆ ಕೇಳಿನೋಡಿ.

ಮರೆಯಬಾರದ ಕೆಲವು

ಮೂರು ವರ್ಷದೊಳಗಿನವರಿರುವ ಕೋಣೆಯಲ್ಲಿ ಸುಮಾರು ಮೂರು ಸೆಂಟಿಮೀಟರ್ ಅಗಲದ ಕೊಳವೆಯೊಳಗೆ ಹಿಡಿಸುವ ಯಾವ ವಸ್ತುವೂ ಇರಬಾರದು. ಹುಣಿಸೆ ಬೀಜ, ಗೋಲಿ, ಬಾಟಲಿಯ ಮುಚ್ಚಳ ದೊಡ್ಡ ಮಕ್ಕಳಿಗೆ ಮಾತ್ರ, ಅದೂ ಎಣಿಸಿ ಕೊಟ್ಟು ಎಣಿಸಿ ತೆಗೆದಿಟ್ಟು. ಬೀಜ ಮೂಗಿಗೋ ಕಿವಿಗೋ ಹೋದರೆ ಪಿನ್ನು, ಬೆಂಕಿಕಡ್ಡಿ ಹಾಕಿ ಕೆದಕದೆ ನೇರವಾಗಿ ವೈದ್ಯರ ಬಳಿ ಒಯ್ಯಬೇಕು. ನೀರಿನ ತೊಟ್ಟಿಯನ್ನು ಆಟ ಮುಗಿದ ಕೂಡಲೇ ಬೋರಲು ಹಾಕಬೇಕು. ಸೀರೆಗೆ, ದುಪಟ್ಟಾಕ್ಕೆ ಪಿನ್ನು ಸಿಕ್ಕಿಸಿಕೊಂಡು ಬರಬೇಡಿ, ಮಗುವನ್ನು ಎತ್ತಿಕೊಂಡಾಗ ಮೊದಲು ತಾಕುವುದು ಅದೇ. ಗಂಟಲು ಈ ಕೆಲಸದ ಬಂಡವಾಳ. ಕೂಗುವ ಬದಲು ಹತ್ತಿರ ಹೋಗಿ ಮಾತಾಡಿದರೆ ಅದು ಹೆಚ್ಚು ದಿನ ಬರುತ್ತದೆ.

ಮಗುವಿನ ಮೈಮೇಲಿನ ಗುರುತೋ, ಆಟದಲ್ಲಿ ಮತ್ತೆ ಮತ್ತೆ ಬರುವ ಸಂಗತಿಯೋ ಲೈಂಗಿಕ ದೌರ್ಜನ್ಯದ ಅನುಮಾನ ಹುಟ್ಟಿಸಿದರೆ, 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ನಿಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ, ಕಡ್ಡಾಯ. ಶಾಲೆಯ ಹೆಸರು ಕೆಡುತ್ತದೆಂದು ಯಾರಾದರೂ ತಡೆದರೂ ನಿಲ್ಲಬಾರದು. ಮಕ್ಕಳ ಸಹಾಯವಾಣಿ 1098. ಮಗುವನ್ನು ಮತ್ತೆ ಮತ್ತೆ ಪ್ರಶ್ನೆ ಕೇಳಿ ಹೇಳಿಸುವುದು ನಮ್ಮ ಕೆಲಸವಲ್ಲ. ಅದು ತಾನಾಗಿ ಆಡಿದ ಮಾತನ್ನು ಆಡಿದಂತೆಯೇ ಬರೆದಿಡುವುದು ನಮ್ಮ ಕೆಲಸ.

ಮಕ್ಕಳು ಹೋದ ಮೇಲೆ

ಕಡೆಯ ಆಟೊ ಹೊರಟ ಮೇಲೆ ಅರ್ಧ ಗಂಟೆ ಉಳಿಯಿರಿ. ಹಿಟ್ಟಿನ ಡಬ್ಬಿಯ ಮುಚ್ಚಳ ಒತ್ತಿ, ಬೀಜಗಳನ್ನು ಎಣಿಸಿ, ಮುರಿದದ್ದನ್ನು ಬೇರೆ ತೆಗೆದಿಟ್ಟು, ಅಂದಿನ ಪುಸ್ತಕ ತೆರೆದು ನೋಡಿ. ಇವತ್ತು ಹನ್ನೊಂದು ಗಂಟೆಗೆ ಒಬ್ಬ ಹುಡುಗ ಹಳೆಯ ಚೀಲ ಹೆಗಲಿಗೇರಿಸಿಕೊಂಡು ಒಣ ಎಲೆಗಳನ್ನು ಮನೆಮನೆಗೆ ಹಂಚುತ್ತಿದ್ದ, ‘ನಿಮಗೆ ಕಾಗದ ಬಂದಿದೆ’ ಎನ್ನುತ್ತಿದ್ದ ಎಂದು ನನ್ನ ಪುಸ್ತಕದಲ್ಲಿದೆ. ಹಾಗಾಗಿ ಮದುವೆಯ ಕರೆಯೋಲೆಗಳ ಕಟ್ಟು ಬಿಚ್ಚಿ ಕೆಳಗಿನ ಕಪಾಟಿನಲ್ಲಿಟ್ಟು, ಒಂದು ರಟ್ಟಿನ ಪೆಟ್ಟಿಗೆಗೆ ಕಾಗದ ತೂರುವಷ್ಟು ಸೀಳು ಮಾಡಿ, ಕೆಂಪು ಬಣ್ಣ ಹಚ್ಚದೆಯೇ ಬಾಗಿಲ ಪಕ್ಕದಲ್ಲಿ ಇಟ್ಟಿದ್ದೇನೆ. ಬಣ್ಣ ಹಚ್ಚಬೇಕೆಂದು ಅವರಿಗೆ ಅನ್ನಿಸಿದರೆ ಕುಂಚ ಎಲ್ಲಿದೆ ಎಂಬುದು ಅವರಿಗೆ ಗೊತ್ತು.